ಬುದ್ಧಿ ಗುಳಿಗಿ ತಗೊಳ್ಳೋರು ತಮ್ಮನ್ನ ತಾವು ಹೆಂಗ ನೋಡ್ಕೋಬೇಕು

ಪುಣೆದ ಸದಾಶಿವ ಪೇಠದಾಗ ಪರೀಕ್ಷೆಗೆ ಓದ್ಲಿಕ್ಕೆ ಬಂದಿರೋ ನಮ್ಮ ಕಾಕಾನ ಮಗ ಹೋದ ಮಳೆಗಾಲದಾಗ ಒಂದಿನ ಫೋನ್ ಮಾಡಿ "ಅಕ್ಕಾ, ಗುಳಿಗಿ ಮುಗದಾವ, ಇವತ್ತ ಅಭ್ಯಾಸಿಕಾಕ್ಕ ಹೋಗಂಗಿಲ್ಲ, ಹೋದ್ರೂ ತಲಿಗೆ ಏನೂ ಹತ್ತಂಗಿಲ್ಲ" ಅಂದ. ಗುಳಿಗಿ ಅಂದ್ರ ತಲಿ ಚುರುಕಾಗ್ಲಿ, ಓದಿದ್ದು ಹತ್ಲಿ ಅಂತ ನುಂಗೋ ಬುದ್ಧಿ ಗುಳಿಗಿ, ಅಭ್ಯಾಸಿಕಾ ಅಂದ್ರ ಇಲ್ಲೆ ಪುಣೆದಾಗ ತಿಂಗಳ ರೊಕ್ಕ ಕೊಟ್ಟು ಕುರ್ಚಿ ಹಿಡಿಯೋ ಓದೋ ಕೋಣಿ. ಹತ್ತನೇತ್ತದಾಗ ಗಣಿತಕ್ಕ 98 ತಗೊಂಡ ಹುಡುಗ ಅಂವ, ಆಗ ಯಾವ ಗುಳಿಗೀನೂ ಇರ್ಲಿಲ್ಲ, ಈಗ ಒಂದು ಬಾಟ್ಲಿ ಖಾಲಿ ಆಯ್ತು ಅಂದ್ಕೂಡ್ಲೆ ತಾನೂ ಖಾಲಿ ಅಂತ ಕುಂತಿದ್ದ. ನಂಗ ಹೊಟ್ಟ್ಯಾಗ ಚುರ್ ಅಂತು. ಗುಳಿಗಿ ಕೆಲಸ ಮಾಡ್ತಾವೋ ಇಲ್ಲೋ ಅಂತ ಎಲ್ಲಾರೂ ಕೇಳ್ತಾರ, ಆದ್ರ ಅವು ನಮ್ಮ ಬಗ್ಗೆ ನಾವ ಇಟ್ಕೊಂಡ ಲೆಕ್ಕಾನ ಬದಲ ಮಾಡ್ತಾವ ಅನ್ನೋದನ್ನ ಯಾರೂ ನೋಡಂಗಿಲ್ಲ, ಅದನ್ನ ನೋಡೋದು ಹೆಂಗ ಅಂತ ಇಲ್ಲೆ ಬರೀತೀನಿ.

ಶುರು ಮಾಡೋಕ್ಕಿಂತ ಮೊದ್ಲ ರಕ್ತ ತಪಾಸಣಿ ಮಾಡಿಸ್ರಿ. ಬಿ12, ಥೈರಾಯ್ಡ್, ಹಿಮೋಗ್ಲೋಬಿನ್. ನಮ್ಮಂಥ ಸಸ್ಯಾಹಾರಿ ಮನಿಯವರಿಗೆ ಬಿ12 ಕಡಿಮಿ ಇರೋದು ಭಾಳ ಸಾಮಾನ್ಯ, ಅದು ಕಡಿಮಿ ಆದ್ರ ಮರವು, ಬ್ಯಾಸರ, ಕೈಕಾಲು ಜುಮ್ ಅನ್ನೋದು ಎಲ್ಲಾ ಬರ್ತದ, ಮಂದಿ ಅದನ್ನ "ನಾನ ದಡ್ಡ" ಅಂತ ಓದ್ಕೋತಾರ. ಹಂಗ ಇನ್ನೊಂದು, ಕೂದಲಿಗೆ ಅಂತ ಬಯೋಟಿನ್ ಜಾಸ್ತಿ ತಗೋತಿದ್ರ ಥೈರಾಯ್ಡ್ ರಿಪೋರ್ಟ್ ತಪ್ಪ ಬರಬಹುದು, ಲ್ಯಾಬಿನವರಿಗೆ ಮೊದ್ಲ ಹೇಳ್ರಿ.

ಆಮೇಲೆ ಒಂದು ನೋಟ್‌ಬುಕ್. ಗುಳಿಗಿ ಇಲ್ಲದ ಎರಡು ವಾರ ಬರೀರಿ, ಆಮೇಲೆ ಬಾಟ್ಲಿ ಬಿಚ್ಚರಿ. ದಿನಾ ರಾತ್ರಿ ಮೂರ ಸಾಲು ಸಾಕು: ಒಂದು, ಇವತ್ತ ಖರೇನ ಏನ ಮುಗಿಸಿದೆ, ಎಷ್ಟ ಪುಟ, ಎಷ್ಟ ಲೆಕ್ಕ; ಎರಡು, ನನ್ನ ಬಗ್ಗೆ ನನಗ ಏನ ಅನ್ನಿಸ್ತು, ಹತ್ತಕ್ಕ ಎಷ್ಟು; ಮೂರು, ರೂಮಿನವರು ಮನಿಯವರು ಇವತ್ತ ನನ್ನ ಏನಂದ್ರು. ಮೊದಲನೇ ಸಾಲೂ ಎರಡನೇ ಸಾಲೂ ಜೋಡಿ ನಡೀತಾವೋ ಇಲ್ಲೋ ಅನ್ನೋದ ಇಲ್ಲೆ ನೋಡೋದು. ಯಾಕಂದ್ರ ಅವು ಬ್ಯಾರೆ ಬ್ಯಾರೆ ದಾರಿ ಹಿಡಿಯೋದು ಪರೀಕ್ಷೆ ಮಾಡಿ ನೋಡಿದ ಮಾತದ. 2013ರಾಗ ಅಮೆರಿಕಾದ ಪೆನ್ಸಿಲ್ವೇನಿಯಾ ಯುನಿವರ್ಸಿಟಿಯವರು ಆರೋಗ್ಯವಂತ 46 ಮಂದಿಗೆ ಆಂಫೆಟಮೀನ್ ಅನ್ನೋ ಚುರುಕು ಮಾಡೋ ಔಷಧ ಕೊಟ್ಟು ನೋಡಿದಾಗ ಕೆಲಸ ಅಷ್ಟೇನೂ ಸುಧಾರಿಸಿರ್ಲಿಲ್ಲ, ಆದ್ರ ಸುಧಾರಿಸೇದ ಅಂತ ಅವರಿಗೆ ಅನ್ನಿಸಿತ್ತು. 2023ರಾಗ ಮೆಲ್ಬರ್ನ್‌ನವರು 40 ಮಂದಿಗೆ ಚೀಲ ತುಂಬೋ ಲೆಕ್ಕ ಕೊಟ್ರು, ಅಂದ್ರ ಇಂತಿಷ್ಟ ತೂಕದಾಗ ಜಾಸ್ತಿ ಬೆಲಿ ಸಾಮಾನು ಹಿಡಿಸೋದು; ನಿದ್ದಿ ಬರದಂಗ, ಲಕ್ಷ್ಯ ನಿಲ್ಲಂಗ ಮಾಡೋ ಮೊಡಾಫಿನಿಲ್ ಮೀಥೈಲ್‌ಫೆನಿಡೇಟ್ ಅಂಥಾವ ತಗೊಂಡಾಗ ಮಂದಿ ಜಾಸ್ತಿ ಹೊತ್ತು ಒದ್ದಾಡಿದ್ರು, ಆದ್ರ ಇಟ್ಟ ಹೆಜ್ಜಿ ಮಾತ್ರ ಕಚ್ಚಾ ಆಗಿದ್ವು. ಮೊಡಾಫಿನಿಲ್, ಮೀಥೈಲ್‌ಫೆನಿಡೇಟ್ ಡಾಕ್ಟರ್ ಚೀಟಿ ಮ್ಯಾಲಷ್ಟ ಸಿಗೋ ಔಷಧ, ದೋಸ್ತನ ಕಡೆಯಿಂದ ಇಸ್ಕೊಂಡು ನುಂಗಬ್ಯಾಡ್ರಿ. ಮೊಡಾಫಿನಿಲ್ ಗರ್ಭನಿರೋಧಕ ಗುಳಿಗಿ ಕೆಲಸಾನೂ ಕಡಿಮಿ ಮಾಡ್ತದ, ಹೆಣ್ಣಮಕ್ಕಳಿಗೆ ಇದನ್ನ ಯಾರೂ ಹೇಳಂಗಿಲ್ಲ.

ಒಂದ ಸಲಕ್ಕ ಒಂದ. ನಮ್ಮ ತಮ್ಮ ಮುಂಜಾನೆ ಕೆಫೀನ್ 100 ಎಂಜಿ ಎಲ್-ಥಿಯಾನೀನ್ (ಚಾ ಎಲಿಯಾಗ ಇರೋ ಒಂದು ಅಂಶ) 200 ಎಂಜಿ ಕೂಡಿದ್ದ ಗುಳಿಗಿ, ರಾತ್ರಿ ಅಶ್ವಗಂಧ, ನಡುವ ಅಮೃತತುಲ್ಯ ಅನ್ನೋ ಚಾದಂಗಡಿದ್ದು ನಾಕೈದು ಚಾ ತಗೋತಿದ್ದ, ಇದ್ರಾಗ ಯಾವುದು ಏನ ಮಾಡ್ತು ಅಂತ ದೇವರಿಗೂ ಗೊತ್ತಾಗಂಗಿಲ್ಲ. ಕೆಫೀನ್ ಒಂದ ತಾಸಿನಾಗ ಏರ್ತದ, ಅರ್ಧಾ ಇಳೀಲಿಕ್ಕೆ ಸುಮಾರು ಐದ ತಾಸು ಬೇಕು, ಸಂಜಿ ಐದಕ್ಕ ತಗೊಂಡು ರಾತ್ರಿ ನಿದ್ದಿ ಕೆಟ್ಟು ಮರದಿನ ಕಿರಿಕಿರಿ ಆದ್ರ ಅದು ನಿಮ್ಮ ಸ್ವಭಾವ ಅಲ್ಲ. ಬ್ರಾಹ್ಮಿ ಹಂಗಲ್ಲ, ಅದನ್ನ ಪರೀಕ್ಷೆ ಮಾಡಿದವರು ದಿನಕ್ಕ 300 ಎಂಜಿ ಸಾರ 12 ವಾರ ಕೊಟ್ಟು ನೋಡ್ಯಾರ, ಅಂಥಾದ್ದು ಮೂರನೇ ದಿನಕ್ಕ ಮಸ್ತ್ ಅನ್ನಿಸ್ತು ಅಂದ್ರ ಅದು ನಿಮ್ಮ ಆಸೆ. ಬಾಟ್ಲಿ ಮ್ಯಾಲೆ ಬಕೋಪಾ ಅಂತ ಅದನೋ ನೋಡ್ರಿ, ನಮ್ಮ ಕಡೆ ತಂಬುಳಿ ಮಾಡೋ ಒಂದೆಲಗಕ್ಕೂ ಬ್ರಾಹ್ಮಿ ಅಂತಾರ, ಗಿಡಾ ಬ್ಯಾರೆ.

ನಂಗ ಭಾಳ ಉಪಯೋಗ ಆಗಿದ್ದು ಹಿಟ್ಟಿನ ಗುಳಿಗಿ. ಖಾಲಿ ಕ್ಯಾಪ್ಸೂಲ್ ತಂದು ಏಳರಾಗ ಅವನ ಮುಂಜಾನೆ ಗುಳಿಗಿ ಪುಡಿ, ಏಳರಾಗ ಹುರಿದ ಅಕ್ಕಿ ಹಿಟ್ಟು ತುಂಬಿ, ಯಾವ ದಿನ ಯಾವುದು ಅನ್ನೋ ಚೀಟಿ ನನ್ನ ಕಪಾಟಿನಾಗ ಇಟ್ಟೆ. 14 ದಿನ ರಾತ್ರಿ ಅಂವ "ಇವತ್ತ ಅಸಲಿ" ಇಲ್ಲಾ "ಇವತ್ತ ಹಿಟ್ಟು" ಅಂತ ಬರೀಬೇಕು. ಚೀಟಿ ಬಿಚ್ಚಿದಾಗ ಆರ ದಿನ ತಪ್ಪ ಹೇಳಿದ್ದ, ಅದ್ರಾಗ ಒಂದು ಹಿಟ್ಟಿನ ದಿನ ತನಗ ಒಂಬತ್ತ ಮಾರ್ಕ್ಸ್ ಕೊಟ್ಕೊಂಡು "ಇವತ್ತ ತಲಿ ಕತ್ತಿಯಂಗ ಓಡ್ತು" ಅಂತ ಬರದಿದ್ದ. ಆ ಸಾಲಿನ ಮ್ಯಾಲೆ ಬಟ್ಟು ಇಟ್ಕೊಂಡು ಭಾಳ ಹೊತ್ತು ಸುಮ್ನ ಕುಂತ. ಬ್ರಾಹ್ಮಿ ಅಶ್ವಗಂಧಕ್ಕ ಈ ಪರೀಕ್ಷೆ ನಡಿಯಂಗಿಲ್ಲ, ಅವು ವಾರಗಟ್ಟಲೆ ತಗೋತಾವ.

ಬಿಡೋ ಮುಂದ ಹುಷಾರ್. ಚಾ ಗುಳಿಗಿ ಎಲ್ಲಾ ಒಮ್ಮೆಲೆ ಬಿಟ್ರ ಒಂದ ದಿನದಾಗ ತಲಿನೋವು, ಸುಸ್ತು, ಮನಸ್ಸು ಮಂಕು, ಕೆಲವರಿಗೆ ವಾರಕ್ಕಿಂತ ಜಾಸ್ತಿನೂ ಇರ್ತದ. ನಮ್ಮವ ಇದನ್ನ ನೋಡೇ "ಇದ ನನ್ನ ಖರೆ ಮುಖ" ಅಂತ ತಿಳ್ಕೊಂಡಿದ್ದ. ಅದು ಮುಖ ಅಲ್ಲ, ಕೆಫೀನಿನ ಬಾಕಿ, ದಿನಾ ಸ್ವಲ್ಪ ಸ್ವಲ್ಪ ಇಳಿಸ್ರಿ, ಬಾಕಿ ತೀರೋತನಕ ನಿಮ್ಮ ಬಗ್ಗೆ ಯಾವ ತೀರ್ಪೂ ಕೊಡಬ್ಯಾಡ್ರಿ.

ಮೂರ ತಾಸು ಮಲಗಿದ್ರೂ ದಣಿವಿಲ್ಲ, ಮಾತು ನಿಲ್ಲಂಗಿಲ್ಲ, ರೊಕ್ಕ ನೀರಿನಂಗ ಖರ್ಚು, ನನ್ನಂಗ ಯಾರಿಲ್ಲ ಅನ್ನೋದು, ಇಲ್ಲಾ ತದ್ವಿರುದ್ಧ, ಅವ್ವನ ಫೋನ್ ಬಂದ್ರೂ ಖುಷೀನೂ ಇಲ್ಲ ದುಃಖಾನೂ ಇಲ್ಲ ಅನ್ನಂಗ ಕಲ್ಲಾಗೋದು, ಇವೆರಡರಾಗ ಯಾವುದ ಕಂಡ್ರೂ ಡೈರಿ ಗೀರಿ ಬಿಟ್ಟು ನೆಟ್ಟಗ ಮನೋವೈದ್ಯರ ಕಡೆ ಹೋಗ್ರಿ, ಬಾಟ್ಲಿನೂ ಜೋಡಿ ಒಯ್ಯಿರಿ. ರಾತ್ರಿ ಯಾರೂ ಸಿಗ್ಲಿಲ್ಲ ಅಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416, ರೊಕ್ಕ ಇಲ್ಲ, 24 ತಾಸೂ ಇರ್ತದ. ಅಶ್ವಗಂಧ ತಗೊಳ್ಳೋರಿಗೆ ಕಣ್ಣು ಹಳದಿ ಆದ್ರ, ಮೂತ್ರ ಕಪ್ಪಗ ಬಂದ್ರ ಅವತ್ತ ನಿಲ್ಲಿಸಿ ಡಾಕ್ಟರ್ ಹತ್ರ ಹೋಗ್ಬೇಕು, ಅಪರೂಪ ಖರೆ ಆದ್ರ ಲಿವರ್‌ಗೆ ಪೆಟ್ಟು ಬಿದ್ದದ್ದು ಅದ. ಬಸುರಿದ್ದವರು, ಥೈರಾಯ್ಡ್ ಗುಳಿಗಿ ತಗೊಳ್ಳೋರು ಡಾಕ್ಟರನ್ನ ಕೇಳದ ಅದನ್ನ ಮುಟ್ಟಲೇಬ್ಯಾಡ್ರಿ.

ಮನಿಯವರಿಗೂ ಒಂದ ಮಾತು, "ಗುಳಿಗಿ ನುಂಗಿ ಹಾಳಾಗಾಕತ್ತಿ" ಅಂತ ಬೈಬ್ಯಾಡ್ರಿ, ಮುಚ್ಚಿ ನುಂಗ್ತಾರ ಅಷ್ಟ. ನಾ ಈಗ ದಿನಾ ರಾತ್ರಿ ಫೋನ್ ಮಾಡಿ "ಇವತ್ತ ಯಾವ ಲೆಕ್ಕ ಬಿಡಿಸಿದಿ, ನಂಗೂ ತಿಳಿಸಿ ಹೇಳು" ಅಂತ ಕೇಳ್ತೀನಿ, ಅಂವ ಹೇಳ್ಕೋತ ಹೇಳ್ಕೋತ "ಇಲ್ಲೆ ನಾ ಬ್ಯಾರೆ ದಾರಿ ಹಿಡದೆ ಅಕ್ಕಾ" ಅಂತಾನ. "ನಾ" ಅಂತ, ಗುಳಿಗಿ ಅಲ್ಲ.