ಸೆಕೆಂಡ್ ಹ್ಯಾಂಡ್ ಡೀಸೆಲ್ ಕ್ರಾಸ್ ಹ್ಯಾಚ್‌ಬ್ಯಾಕ್ ತಗೊಳ್ಳೋರು ಗಾಡಿ ಹೆಂಗೆ ನೋಡ್ಬೇಕು

ಸಕಲೇಶಪುರ, ಮೂಡಿಗೆರೆ, ಕೊಡಗು ಕಡೆ ತೋಟ ಇರೋರು, ವಾರಕ್ಕೊಂದ್ಸಲ ಬೆಂಗಳೂರಿಂದ ಊರಿಗೆ ಓಡಾಡೋರು, ಇವರೆಲ್ಲ ಕೇಳೋದು ಒಂದೇ ತರದ ಗಾಡಿ. ಸಿಟಿ ಪಾರ್ಕಿಂಗಲ್ಲಿ ಹಿಡಿಸ್ಬೇಕು, ಮಣ್ಣು ರೋಡಲ್ಲಿ ಬುಡ ತಾಗ್ಬಾರ್ದು, ಘಾಟಿ ಹತ್ತೋವಾಗ ಉಸಿರು ಕಟ್ಬಾರ್ದು, ಡೀಸೆಲ್ ಮೈಲೇಜು ಬೇಕು. ಇದಕ್ಕೆ ಸರಿ ಹೊಂದೋ ಕ್ರಾಸ್ ಹ್ಯಾಚ್‌ಬ್ಯಾಕ್, ಅಂದ್ರೆ ಸಣ್ಣ ಕಾರನ್ನೇ ಜೀಪ್ ತರ ಕಾಣೋ ಹಂಗೆ ಮಾಡಿದ ಗಾಡಿಗಳು ನಮ್ಮಲ್ಲಿ ಒಂದಷ್ಟು ವರ್ಷ ಚೆನ್ನಾಗೇ ಬಂದ್ವು. ನಮ್ಮ ಬಿಡದಿಲೇ ತಯಾರಾದ ಟೊಯೋಟಾ ಇಟಿಯೋಸ್ ಕ್ರಾಸ್ 2014ರಲ್ಲಿ, ಹ್ಯುಂಡೈ ಐ20 ಆಕ್ಟಿವ್ 2015ರಲ್ಲಿ, ಹೋಂಡಾ ಡಬ್ಲ್ಯುಆರ್-ವಿ 2017ರಲ್ಲಿ, ಫೋರ್ಡ್ ಫ್ರೀಸ್ಟೈಲ್ 2018ರಲ್ಲಿ. ಏಪ್ರಿಲ್ 2020ಕ್ಕೆ ಬಿಎಸ್6 ಅನ್ನೋ ಹೊಗೆ ನಿಯಮ ಬಂದ್ಮೇಲೆ ಮೊದಲೆರಡು ನಿಂತೇ ಹೋದ್ವು, ಹೋಂಡಾ ಫೋರ್ಡ್ ಇನ್ನೊಂದಷ್ಟು ದಿನ ಡೀಸೆಲ್ ಕೊಟ್ಟು ಅವೂ ನಿಂತ್ವು. ಹಂಗಾಗಿ ಈಗ ಇವು ಬೇಕಂದ್ರೆ ಸೆಕೆಂಡ್ ಹ್ಯಾಂಡೇ ಗತಿ.

ಮೊದಲು ಒಂದು ಮಾತು ತಲೆಲಿ ಇಟ್ಕೊಳ್ಳಿ. ಸುತ್ತ ಕಪ್ಪು ಪ್ಲಾಸ್ಟಿಕ್ ಕ್ಲಾಡಿಂಗ್, ಮೇಲೆ ರೂಫ್ ರೈಲ್, ಬಂಪರ್ ಕೆಳಗೆ ಬೆಳ್ಳಿ ಬಣ್ಣದ ಪಟ್ಟಿ ಇದ್ದಾಕ್ಷಣ ಅದು ಜೀಪ್ ಆಗಲ್ಲ. ಈ ನಾಲ್ಕೂ ಮುಂದಿನ ಎರಡು ಚಕ್ರಕ್ಕೆ ಮಾತ್ರ ಪವರ್ ಹೋಗೋ ಗಾಡಿಗಳು, ಮಳೆಗಾಲದ ಕೆಸರಲ್ಲಿ ಸಿಕ್ಕಾಕೊಂಡ್ರೆ ತಳ್ಳಲೇಬೇಕು. ನೀವು ನೋಡ್ಬೇಕಾಗಿರೋದು ಮೂರು, ಬುಡದ ಎತ್ತರ, ಕಮ್ಮಿ ಆರ್‌ಪಿಎಂನಲ್ಲಿ ಎಳೆತ, ಆಮೇಲೆ ಹಿಂದಿನ ಓನರ್ ಅದನ್ನ ಹೆಂಗೆ ಇಟ್ಕೊಂಡಿದ್ದ ಅನ್ನೋದು. ಮಿಕ್ಕಿದ್ದೆಲ್ಲ ಇದಾದ್ಮೇಲೆ.

ಎತ್ತರದ ವಿಷಯಕ್ಕೆ ಬಂದ್ರೆ ಐ20 ಆಕ್ಟಿವ್ ಮತ್ತು ಫ್ರೀಸ್ಟೈಲ್ ಎರಡೂ 190 ಎಂಎಂ, ಡಬ್ಲ್ಯುಆರ್-ವಿ 188, ಇಟಿಯೋಸ್ ಕ್ರಾಸ್ 170ರ ಆಸುಪಾಸು, ಅಂದ್ರೆ ಮಾಮೂಲಿ ಇಟಿಯೋಸ್ ಲಿವಾಗಿಂತ ದೊಡ್ಡ ವ್ಯತ್ಯಾಸ ಏನಿಲ್ಲ. ಆದ್ರೆ ಪೇಪರ್ ಮೇಲಿನ ನಂಬರ್ ಖಾಲಿ ಗಾಡಿದು, ಐದು ಜನ ಕೂತು ಹಿಂದೆ ಒಂದು ಮೂಟೆ ಹಾಕಿದ್ಮೇಲೆ ಎಷ್ಟು ಉಳಿಯತ್ತೆ ಅನ್ನೋದು ಸಸ್ಪೆನ್ಷನ್ ಮೇಲೆ ನಿಂತಿದೆ. ಅದಕ್ಕೆ ಟೆಸ್ಟ್ ಡ್ರೈವಿಗೆ ಒಬ್ರೇ ಹೋಗ್ಬೇಡಿ, ಮನೆಯವರನ್ನೆಲ್ಲ ಕೂರಿಸ್ಕೊಂಡು ದಿನಾ ದಾಟೋ ಆ ಕೆಟ್ಟ ಹಂಪ್ ಮೇಲೇ ಹತ್ತಿಸಿ ನೋಡಿ, ಹಿಂದಿನ ಸ್ಪ್ರಿಂಗ್ ಕೂತೋಗಿದ್ರೆ ಅಲ್ಲೇ ಗೊತ್ತಾಗತ್ತೆ.

ಈಗ ಇಂಜಿನ್. ಗಾಡಿ ನೋಡೋಕೆ ಬೆಳಿಗ್ಗೆ ಬೇಗ ಹೋಗಿ, ಬರ್ತೀನಿ ಅಂತ ಹೇಳುವಾಗ್ಲೇ ಸ್ಟಾರ್ಟ್ ಮಾಡಿ ಇಡ್ಬೇಡಿ ಅಂತ ಹೇಳಿ. ಹೋದ ತಕ್ಷಣ ಬಾನೆಟ್ ಮೇಲೆ ಕೈ ಇಟ್ಟು ನೋಡಿ, ಬಿಸಿ ಇದ್ರೆ ಇನ್ನೊಂದು ದಿನ ಬರ್ತೀನಿ ಅನ್ನಿ. ತಣ್ಣಗಿರೋ ಡೀಸೆಲ್ ಇಂಜಿನ್ ಹೆಂಗೆ ಸ್ಟಾರ್ಟ್ ಆಗತ್ತೆ ಅನ್ನೋದ್ರಲ್ಲಿ ಅದರ ಅರ್ಧ ಜಾತಕ ಇರತ್ತೆ. ಡ್ಯಾಶಲ್ಲಿ ಗ್ಲೋ ಪ್ಲಗ್ (ತಣ್ಣಗಿರೋ ಇಂಜಿನ್ ಒಳಗೆ ಬಿಸಿ ಮಾಡೋ ಪ್ಲಗ್) ಲೈಟು ಆರಿದ್ಮೇಲೆ ಒಂದೇ ಸೆಲ್ಫ್ ಹೊಡೆತಕ್ಕೆ ಹಿಡ್ಕೋಬೇಕು. ಬಿಳಿ ಹೊಗೆ ಬಂದು ನಿಲ್ಲದೇ ಹೋದ್ರೆ, ಜೊತೆಗೆ ಹಸಿ ಡೀಸೆಲ್ ವಾಸನೆ ಹೊಡೆದ್ರೆ, ಇಂಜೆಕ್ಟರ್ ಅಥವಾ ಗ್ಲೋ ಪ್ಲಗ್ ಕಡೆ ಅನುಮಾನ ಪಡಿ. ನೀಲಿ ಹೊಗೆ ಬಂದ್ರೆ ಆಯಿಲ್ ಸುಡ್ತಿದೆ, ಟರ್ಬೋ ಸೀಲ್ ಹೋಗಿರ್ಬೋದು ಇಲ್ಲ ರಿಂಗ್ಸ್ ಸವೆದಿರ್ಬೋದು, ಎರಡೂ ದುಡ್ಡಿನ ಕೆಲಸ. ಆಕ್ಸಿಲರೇಟರ್ ಒತ್ತಿದಾಗ ದಟ್ಟ ಕಪ್ಪು ಹೊಗೆ ಬಂದ್ರೆ ಒಂದಷ್ಟು ಹೊಗೆನ ಇಂಜಿನ್ನಿಗೇ ವಾಪಸ್ ಕಳಿಸೋ ಇಜಿಆರ್ ಕಟ್ಟಿರೋದು, ಟರ್ಬೋ ಪೈಪ್ ಲೀಕು, ಏರ್ ಫಿಲ್ಟರ್ ತುಂಬಿರೋದು ಹಿಂಗೆ ಏನಾದ್ರೂ ಇರತ್ತೆ. ಆಮೇಲೆ ಇಂಜಿನ್ ಓಡ್ತಿರೋವಾಗ್ಲೇ ಆಯಿಲ್ ಹಾಕೋ ಮುಚ್ಚಳ ಹುಷಾರಾಗಿ ತೆಗೀರಿ, ಸ್ವಲ್ಪ ಗಾಳಿ ಬರೋದು ಸಹಜ, ಬುಸ್ ಬುಸ್ ಅಂತ ಹೊಗೆ ಎದ್ದು ಬಂದ್ರೆ ಒಳಗಡೆ ಸವೆತ ಇದೆ ಅಂತ ಅರ್ಥ, ಆ ಗಾಡಿ ಬಿಟ್ಬಿಡಿ. ಡಿಪ್‌ಸ್ಟಿಕ್ಕಲ್ಲಿ ಆಯಿಲ್ ಕಪ್ಪಗಿದೆ ಅಂತ ಮಾತ್ರ ಹೆದರ್ಬೇಡಿ, ಡೀಸೆಲಲ್ಲಿ ಹೊಸ ಆಯಿಲ್ ಹಾಕಿದ್ರೂ ಬೇಗನೇ ಕಪ್ಪಾಗತ್ತೆ.

ಪವರ್ ನಂಬರ್ ನೋಡಿ ಮೋಸ ಹೋಗೋರು ಜಾಸ್ತಿ. ಇಟಿಯೋಸ್ ಕ್ರಾಸಿನ 1.4 ಡೀಸೆಲ್ ಬರೀ 68 ಪಿಎಸ್ (ಹೆಚ್ಚು ಕಮ್ಮಿ ಹಾರ್ಸ್‌ಪವರ್ ಲೆಕ್ಕವೇ), 170 ಎನ್‌ಎಂ ಟಾರ್ಕ್ (ಎಳೆಯೋ ಶಕ್ತಿ), ಐದು ಗೇರು. ಓದಿದ್ರೆ ಏನಿದು ಅನ್ಸತ್ತೆ, ಆದ್ರೆ ಗಾಡಿ ಹಗುರ, ಟಾರ್ಕ್ 1800ಕ್ಕೇ ಬಂದ್ಬಿಡತ್ತೆ, ಹಂಗಾಗಿ ಸಿಟಿಲಿ, ಹಳ್ಳಿ ರೋಡಲ್ಲಿ ಪದೇ ಪದೇ ಗೇರ್ ಹಾಕೋ ಕೆಲಸ ಇಲ್ಲ. ಅದು ಸೋಲೋದು ಹೈವೇಲಿ, 100 ದಾಟಿದ್ಮೇಲೆ ಲಾರಿ ಓವರ್‌ಟೇಕ್ ಮಾಡ್ಬೇಕಂದ್ರೆ ಮುಂದೆ ಎಷ್ಟು ಜಾಗ ಇದೆ ಅಂತ ಎರಡ್ಸಲ ನೋಡ್ಬೇಕು. ಐ20 ಆಕ್ಟಿವ್ 1.4 ಸಿಆರ್‌ಡಿಐ 90 ಪಿಎಸ್, 220 ಎನ್‌ಎಂ, ಆರು ಗೇರು, ಟರ್ಬೋ ಎದ್ದ ಮೇಲೆ ಒಳ್ಳೆ ಎಳೆತ, ಅದಕ್ಕಿಂತ ಕೆಳಗೆ ಸ್ವಲ್ಪ ಮಂಕು. ಡಬ್ಲ್ಯುಆರ್-ವಿಯ 1.5 ಇಂಜಿನ್ 100 ಪಿಎಸ್, 200 ಎನ್‌ಎಂ, ಇದಕ್ಕೂ ಆರು ಗೇರು, ಸದ್ದು ಜಾಸ್ತಿ ಆದ್ರೆ ಡೀಸೆಲ್ ಕುಡಿಯೋದು ಬಹಳ ಕಮ್ಮಿ. ಫ್ರೀಸ್ಟೈಲಿನ 1.5 ಟಿಡಿಸಿಐ 100 ಪಿಎಸ್, 215 ಎನ್‌ಎಂ, ಗೇರು ಐದೇ, ಆದ್ರೂ ನನ್ನ ಪ್ರಕಾರ ಇವುಗಳಲ್ಲಿ ಓಡಿಸೋಕೆ ಖುಷಿ ಕೊಡೋದು ಇದೇ, ಸ್ಟೀರಿಂಗ್ ತೂಕ, ತಿರುವಲ್ಲಿ ನಿಲ್ಲೋ ರೀತಿ, ಚಾರ್ಮಾಡಿ ತರದ ರೋಡಲ್ಲಿ ಇದರ ಬೆಲೆ ಗೊತ್ತಾಗತ್ತೆ.

ಈ ಎಳೆತ ಟೆಸ್ಟ್ ಮಾಡೋದು ಹೆಂಗೆ ಅಂದ್ರೆ, ಒಂದು ಒಳ್ಳೆ ಏರು ಹುಡುಕಿ, ಎಸಿ ಆನ್ ಇರ್ಲಿ, ಗಾಡಿ ತುಂಬ ಜನ ಇರ್ಲಿ, ಎರಡನೇ ಗೇರಲ್ಲಿ 1500 ಆರ್‌ಪಿಎಂಗೆ ಇಳಿಸಿ ಅಲ್ಲಿಂದ ಆಕ್ಸಿಲರೇಟರ್ ನಿಧಾನಕ್ಕೆ ಒತ್ತಿ. ಗಾಡಿ ಗೊಣಗದೆ, ಕುಲುಕದೆ ಮೇಲೆ ಏಳ್ಬೇಕು. 2000 ದಾಟಿದ್ಮೇಲೂ ಏನೂ ಆಗದೇ ಇದ್ರೆ ಟರ್ಬೋ ಸರಿಯಾಗಿ ಕೆಲಸ ಮಾಡ್ತಿಲ್ಲ. ಕ್ಲಚ್ಚಿಗೆ ಬೇರೆ ಟೆಸ್ಟು, ಖಾಲಿ ರೋಡಲ್ಲಿ ನಾಲ್ಕನೇ ಗೇರಲ್ಲಿ 50ರಲ್ಲಿ ಹೋಗ್ತಾ ಆಕ್ಸಿಲರೇಟರ್ ಪೂರ್ತಿ ಒತ್ತಿ, ಆರ್‌ಪಿಎಂ ಮುಳ್ಳು ಮೇಲೆ ಹಾರಿ ಸ್ಪೀಡ್ ಅಲ್ಲೇ ಇದ್ರೆ ಕ್ಲಚ್ ಪ್ಲೇಟ್ ಮುಗೀತು, ರೇಟಲ್ಲಿ ಅಷ್ಟು ಕಡಿಮೆ ಮಾಡಿಸ್ಕೊಳ್ಳಿ.

ಗಾಡಿನ ಯಾವುದಾದ್ರೂ ಗ್ಯಾರೇಜಲ್ಲಿ ಲಿಫ್ಟ್ ಮೇಲೆ ಎತ್ತಿಸಲೇಬೇಕು, ಇದನ್ನ ಬಿಡ್ಬೇಡಿ. ಆಯಿಲ್ ಸಂಪ್ ತಟ್ಟೆಗೆ ಏಟು ಬಿದ್ದಿದ್ಯಾ, ಸೈಲೆನ್ಸರ್ ಪೈಪ್ ಚಪ್ಪಟೆ ಆಗಿದ್ಯಾ, ಲೋಯರ್ ಆರ್ಮ್ ಬುಷ್ ಹರಿದಿದ್ಯಾ, ಡ್ರೈವ್ ಶಾಫ್ಟಿನ ರಬ್ಬರ್ ಬೂಟ್ ಒಡೆದು ಗ್ರೀಸ್ ಚೆಲ್ಲಿದ್ಯಾ ನೋಡಿ. ಈ ಕ್ರಾಸ್ ಗಾಡಿಗಳಲ್ಲಿ ಇನ್ನೊಂದು ತೊಂದರೆ ಆ ಕ್ಲಾಡಿಂಗೇ. ಅದರ ಹಿಂದೆ ಕೆಸರು ಕೂತು ವರ್ಷಗಟ್ಲೆ ತೇವ ಹಿಡ್ಕೊಂಡಿರತ್ತೆ, ಹೊರಗಡೆ ಮಾತ್ರ ಪಾಲಿಶ್ ಹೊಡೆದು ಥಳಥಳ ಅಂತಿರ್ತಾರೆ. ಮಂಗಳೂರು, ಉಡುಪಿ, ಕಾರವಾರ ಕಡೆ ಓಡಿದ ಗಾಡಿ ಆದ್ರೆ ಟಾರ್ಚ್ ಹಾಕಿ ಚಕ್ರದ ಮೇಲ್ಗಡೆ ಬಾಗಿದ ಜಾಗ, ಬಾಗಿಲಿನ ಕೆಳ ಅಂಚು, ಎಲ್ಲಾ ಕಡೆ ತುಕ್ಕು ಹುಡುಕಿ.

ಫೀಚರ್‌ಗಳಲ್ಲಿ ಮೊದಲು ಜೀವ ಉಳಿಸೋವು ನೋಡಿ. ಫ್ರೀಸ್ಟೈಲಿನ ಟೈಟಾನಿಯಂ ಪ್ಲಸ್ ವೇರಿಯಂಟಲ್ಲಿ ಆರು ಏರ್‌ಬ್ಯಾಗ್, ಜೊತೆಗೆ ಗಾಡಿ ಪಲ್ಟಿ ಆಗದ ಹಾಗೆ ತಡೆಯೋ ಆಕ್ಟಿವ್ ರೋಲ್‌ಓವರ್ ಪ್ರಿವೆನ್ಷನ್ ಇದೆ, ಎತ್ತರದ ಹ್ಯಾಚ್‌ಬ್ಯಾಕಿಗೆ ಇದು ನಿಜವಾಗ್ಲೂ ಬೇಕಾಗಿರೋದು. ಕೀ ತಿರುಗಿಸಿದಾಗ ಏರ್‌ಬ್ಯಾಗ್ ಮತ್ತು ಎಬಿಎಸ್ ಲೈಟ್ ಹತ್ತಿ ಆಮೇಲೆ ಆರ್ಬೇಕು. ಹತ್ತೋದೇ ಇಲ್ಲ ಅಂದ್ರೆ ಬಲ್ಬನ್ನೇ ಕಿತ್ತಿರೋ ಸಾಧ್ಯತೆ ಇದೆ, ಅಂದ್ರೆ ಗಾಡಿ ಒಮ್ಮೆ ಚೆನ್ನಾಗಿ ಗುದ್ದಿರ್ಬೋದು. ಡಬ್ಲ್ಯುಆರ್-ವಿ ಟಾಪ್ ವೇರಿಯಂಟಲ್ಲಿ ಸನ್‌ರೂಫ್ ಬರತ್ತೆ, ಒಳಗಿನ ಸೀಲಿಂಗ್ ಬಟ್ಟೆ ಮೇಲೆ ನೀರಿನ ಕಲೆ ಇದ್ಯಾ ನೋಡಿ, ಡ್ರೈನ್ ಪೈಪ್ ಕಟ್ಕೊಂಡ್ರೆ ಮಳೆನೀರು ಒಳಗೇ ಇಳಿಯತ್ತೆ. ಡಿಕ್ಕಿ ದೊಡ್ಡದು ಬೇಕಂದ್ರೆ 363 ಲೀಟರಿನ ಇದಕ್ಕೇ ಮೊದಲ ಮಾರ್ಕು, ಫ್ರೀಸ್ಟೈಲಲ್ಲಿ 257 ಅಷ್ಟೇ. ಹಿಂದೆ ಕೂರೋ ಅಪ್ಪ ಅಮ್ಮನಿಗೆ ಎಸಿ ಗಾಳಿ ಬೇಕಂದ್ರೆ ಹಿಂದಿನ ವೆಂಟ್ ಇರೋ ಐ20 ಆಕ್ಟಿವ್ ನೋಡಿ.

ಮೈಲೇಜು ಕಂಪನಿ ಹೇಳಿದ್ದು ಡಬ್ಲ್ಯುಆರ್-ವಿ 25.5, ಫ್ರೀಸ್ಟೈಲ್ 24.4, ಇಟಿಯೋಸ್ ಕ್ರಾಸ್ 23.59, ಐ20 ಆಕ್ಟಿವ್ 21.19. ರೋಡಲ್ಲಿ ಅಷ್ಟು ಬರಲ್ಲ, ಡ್ಯಾಶಲ್ಲಿ ತೋರ್ಸೋದನ್ನೂ ಪೂರ್ತಿ ನಂಬ್ಬೇಡಿ. ತಗೊಂಡ್ಮೇಲೆ ಟ್ಯಾಂಕ್ ಫುಲ್ ಮಾಡಿಸಿ ಟ್ರಿಪ್ ಮೀಟರ್ ಸೊನ್ನೆ ಮಾಡಿ, ಒಂದಷ್ಟು ನೂರು ಕಿಲೋಮೀಟರ್ ಓಡಿಸಿ ಅದೇ ಬಂಕಲ್ಲಿ ಮತ್ತೆ ಫುಲ್ ಮಾಡಿಸಿ, ಓಡಿದ ಕಿಲೋಮೀಟರನ್ನ ಹಾಕಿದ ಲೀಟರಿಂದ ಭಾಗಿಸಿ, ನಿಜವಾದ ಲೆಕ್ಕ ಅದು.

ಬಿಎಸ್6 ಡೀಸೆಲ್ ಸಿಕ್ರೆ ಇನ್ನೊಂದು ವಿಷಯ ತಿಳ್ಕೊಳ್ಳಿ, ಅದ್ರಲ್ಲಿ ಹೊಗೆಯ ಮಸಿ ಹಿಡಿಯೋ ಡಿಪಿಎಫ್ ಅನ್ನೋ ಫಿಲ್ಟರ್ ಇರತ್ತೆ. ಅದು ಮಸಿ ಸುಟ್ಟು ತನ್ನನ್ನ ತಾನೇ ಕ್ಲೀನ್ ಮಾಡ್ಕೊಳ್ಳೋಕೆ ಗಾಡಿ ಚೆನ್ನಾಗಿ ಬಿಸಿ ಆಗಿ ಒಂದೇ ಸಮ ಓಡ್ಬೇಕು. ದಿನಾ ಮಕ್ಕಳನ್ನ ಸ್ಕೂಲಿಗೆ ಬಿಟ್ಟು ಬರೋಕೆ ಮಾತ್ರ ಗಾಡಿ ಬೇಕಂದ್ರೆ ಡೀಸೆಲ್ಲೇ ಬೇಡ, ಪೆಟ್ರೋಲ್ ತಗೊಳ್ಳಿ, ಕಳಕಳಿಯಿಂದ ಹೇಳ್ತಿದೀನಿ.

ಸರ್ವೀಸ್ ವಿಷಯದಲ್ಲಿ ಇಟಿಯೋಸ್ ಮುಂದೆ ಯಾವುದೂ ಇಲ್ಲ, ಬೆಂಗಳೂರಿನ ಟ್ಯಾಕ್ಸಿಗಳಲ್ಲಿ ಆ ಇಂಜಿನ್ ಅಷ್ಟು ಓಡಿದೆ, ಎಲ್ಲಾ ಮೆಕ್ಯಾನಿಕ್‌ಗೂ ಗೊತ್ತು, ಪಾರ್ಟ್ಸ್ ಸಲೀಸಾಗಿ ಸಿಗತ್ತೆ. ಫೋರ್ಡ್ ಇಲ್ಲಿ ಗಾಡಿ ಮಾಡೋದು ನಿಲ್ಸ್ತೀವಿ ಅಂತ ಸೆಪ್ಟೆಂಬರ್ 2021ರಲ್ಲಿ ಹೇಳಿದ್ರಿಂದ ಫ್ರೀಸ್ಟೈಲ್ ರೇಟು ಬಿದ್ದಿದೆ, ಇಂಜಿನ್ ಎಕೋಸ್ಪೋರ್ಟ್, ಫಿಗೋ, ಆಸ್ಪೈರ್‌ದೇ ಆಗಿರೋದ್ರಿಂದ ಇಂಜಿನ್ ಪಾರ್ಟ್ಸಿಗೆ ಅಷ್ಟು ಭಯ ಬೇಡ, ಬಂಪರ್ ಲೈಟು ಕ್ಲಾಡಿಂಗ್ ಅಂತವಕ್ಕೆ ಮೊದಲೇ ವಿಚಾರಿಸ್ಕೊಳ್ಳಿ. ಫ್ರೀಸ್ಟೈಲ್ ಇಂಜಿನ್ನಲ್ಲಿ ಟೈಮಿಂಗ್ ಬೆಲ್ಟ್ ಇದೆ, ಒಳಗಿನ ಭಾಗಗಳನ್ನ ತಾಳ ತಪ್ಪದೆ ತಿರುಗಿಸೋ ಪಟ್ಟಿ ಅದು, ಚೇಂಜ್ ಆಗಿದ್ರೆ ಬಿಲ್ ಕೇಳಿ, ಆಗಿಲ್ಲ ಅಂದ್ರೆ ಅದರ ಖರ್ಚು ಲೆಕ್ಕಕ್ಕೆ ಹಿಡೀರಿ.

ಕೊನೆಗೆ ಪೇಪರ್ಸು. ದೆಹಲಿ ಕಡೆ 10 ವರ್ಷ ದಾಟಿದ ಡೀಸೆಲ್ ಮೇಲೆ ನಿರ್ಬಂಧ ಬಂದ್ಮೇಲೆ ಅಲ್ಲಿನ ಗಾಡಿಗಳು ಕಮ್ಮಿ ರೇಟಿಗೆ ಇಲ್ಲಿಗೂ ಬರ್ತವೆ. ರೇಟ್ ನೋಡಿ ಮರುಳಾಗೋ ಮುಂಚೆ ಅಲ್ಲಿನ ಆರ್‌ಟಿಓ ಎನ್‌ಓಸಿ ಇದ್ಯಾ, ಇಲ್ಲಿನ ರೋಡ್ ಟ್ಯಾಕ್ಸ್ ಎಷ್ಟಾಗತ್ತೆ ಅಂತ ಕೂಡಿಸಿ ನೋಡಿ. ಸಾಲದಲ್ಲಿ ತಗೊಂಡ ಗಾಡಿ ಆದ್ರೆ ಬ್ಯಾಂಕಿನ ಎನ್‌ಓಸಿ, ಸಾಲ ತೀರಿದೆ ಅನ್ನೋ ಫಾರಂ 35 ಕೈಗೆ ಬರೋವರ್ಗೂ ಪೂರ್ತಿ ದುಡ್ಡು ಕೊಡ್ಬೇಡಿ. ಓನರ್ ಹೆಸರು ಬದಲಾಯಿಸೋ ಫಾರಂ 29, 30ಕ್ಕೆ ಸೈನ್ ಹಾಕಿಸ್ಕೊಂಡು ಆರ್‌ಸಿ ನಿಮ್ಮ ಹೆಸರಿಗೆ ಆಗೋ ತನಕ ಬೆನ್ನು ಬಿಡ್ಬೇಡಿ, ಇನ್ಶೂರೆನ್ಸೂ ಅದರ ಜೊತೆಗೇ ನಿಮ್ಮ ಹೆಸರಿಗೆ ಮಾಡಿಸ್ಕೊಳ್ಳಿ.