ಕ್ಯಾಲ್ಕ್ಯುಲೇಟರ್ ಇಲ್ಲದೆ ಹತ್ತಂಕಿ ಸಂಖ್ಯೆ ಒಡೆಯುವುದು: ನನ್ನ ಅನುಭವ

ಹತ್ತಂಕಿ ಸಂಖ್ಯೆಯ ಅಪವರ್ತನಗಳನ್ನು ಬರೀ ಪೆನ್ನು, ಹಾಳೆಯಲ್ಲಿ ತೆಗೆಸುತ್ತೇನೆ ಅಂದಾಗ ವಿಜಯಪುರದ ನಮ್ಮ ಟ್ಯೂಶನ್ ಮಾಸ್ತರುಗಳು ಒಬ್ಬರೂ ನಂಬಲಿಲ್ಲ. "ಆಗೂದಿಲ್ಲ ಬಿಡ್ರಿ ಸರ್, ಹುಡುಗ್ರು ಓಡಿಹೋಗ್ತಾವು" ಅಂದರು. ಈಗ ನನ್ನ ಒಂಬತ್ತನೇ ಕ್ಲಾಸಿನ ಬ್ಯಾಚು ಕಾಲು ಗಂಟೆಯಲ್ಲಿ ಮಾಡಿ ತೋರಿಸುತ್ತದೆ.

ಮೊದಲು ಅವಿಭಾಜ್ಯಗಳ ಪಟ್ಟಿ ಹಂಚಿದ್ದೆ. ಝೆರಾಕ್ಸಿಗೇ ಸಾವಿರದ ಮೇಲೆ ಹೋಯಿತು. 2027651281ನ್ನು ಆ ದಾರಿಯಲ್ಲಿ ಒಡೆಯಲು ಸುಮಾರು ನಾಲ್ಕೂವರೆ ಸಾವಿರ ಭಾಗಾಕಾರ ಬೇಕು. ಯಾರು ಮಾಡ್ತಾರೆ? ಆಮೇಲೆ ಏಳೆಂಟು ಸಾವಿರ ಕೊಟ್ಟು ಹಳೇ ಲ್ಯಾಪ್‌ಟಾಪ್ ತಂದೆ. ಉತ್ತರ ಚಕ್ಕನೆ ಬಂತು, ಮಕ್ಕಳಿಗೆ ಮಾತ್ರ ಏನೂ ಬರಲಿಲ್ಲ.

ಕೊನೆಗೆ ಕೆಲಸಕ್ಕೆ ಬಂದದ್ದು ಫ್ರಾನ್ಸಿನ ಗಣಿತಜ್ಞ ಫೆರ್ಮಾನ ಹಳೇ ದಾರಿ. ಮೇಲಿನ ಸಂಖ್ಯೆಯೂ ಅವನದೇ, 1643ರದ್ದು. ವರ್ಗಮೂಲ 45029 ಚಿಲ್ಲರೆ. ಹಾಗಾಗಿ 45030ರ ವರ್ಗದಿಂದ ಸಂಖ್ಯೆ ಕಳೆಯಿರಿ, 49619. ಅದಕ್ಕೆ 90061 (45031, 45030ರ ವರ್ಗಗಳ ವ್ಯತ್ಯಾಸ) ಕೂಡಿಸಿ, ಮುಂದಿನ ಸಾಲಿಗೆ 90063, ಆಮೇಲೆ 90065. ಬರೀ ಕೂಡಿಸುವುದು. ವರ್ಗ ಸಂಖ್ಯೆ ಸಿಕ್ಕರೆ ಮುಗೀತು, ಯಾಕಂದ್ರೆ a² − b² = (a − b)(a + b).

ನಾನು ಸೇರಿಸಿದ್ದು ಗೋಡೆಗೆ ಅಂಟಿಸಿದ ಒಂದು ಚೀಟಿ. ವರ್ಗಗಳ ಕೊನೆಯ ಎರಡು ಅಂಕಿ 22 ಬಗೆಯಷ್ಟೇ ಇರಲು ಸಾಧ್ಯ. ಮೊದಲ ಐದು ಸಾಲುಗಳ ಕೊನೆಯ 19, 80, 43, 08, 75 ಎಲ್ಲ ನೋಡಿದ ಕೂಡಲೇ ಔಟ್. ಆರನೇ ಸಾಲಿನ 499944 ಮಾತ್ರ ಸ್ವಲ್ಪ ಆಸೆ ಹುಟ್ಟಿಸುತ್ತದೆ, ಆದರೆ 707ರ ವರ್ಗ 499849. ಹನ್ನೆರಡನೇ ಸಾಲಿನಲ್ಲಿ 1040400. ಅದು 1020ರ ವರ್ಗ! ಆ ಸಾಲು 45041ರ ವರ್ಗದ್ದು. 45041ರಿಂದ 1020 ಕಳೆದು, ಆಮೇಲೆ ಕೂಡಿಸಿ: 44021, 46061.

ಎರಡು ಅಪವರ್ತನಗಳು ಹತ್ತಿರ ಇದ್ದರೆ ಮಾತ್ರ ಇಷ್ಟು ಸಲೀಸು. ನಮ್ಮೂರ ಪಿನ್‌ಕೋಡ್ 586101 ಅದನ್ನು ಚೆನ್ನಾಗಿ ಕಲಿಸಿತು. 3 ತೆಗೆದರೆ 195367. ಅಲ್ಲಿಂದ ನೇರ ಹೊರಟರೆ ಎಂಟುನೂರು ಸಾಲು ದಾಟಬೇಕು. ಮಕ್ಕಳು ಸುಸ್ತಾದರು. ಆಗ 31ರಿಂದ ಗುಣಿಸಿದೆ: 6056377. 2461ರ ವರ್ಗ 6056521, ವ್ಯತ್ಯಾಸ 144. ಮೊದಲ ಸಾಲಿಗೇ ಬಿತ್ತು! 2461ಕ್ಕೆ 12 ಕೂಡಿಸಿದರೆ 2473, ಕಳೆದರೆ 2449, ಅಂದರೆ 31 × 79. ಹಾಗಾಗಿ 586101 = 3 × 79 × 2473. 31 ಎಲ್ಲಿಂದ ಬಂತು ಅನ್ನೋದು ಸದ್ಯಕ್ಕೆ ನನ್ನ ಬ್ಯಾಚಿನ ಗುಟ್ಟು.

ಒಡೆದ ಮೇಲೆ ಉಳಿದದ್ದು ಸಲೀಸು. 586101ರ ಭಾಜಕಗಳು ಎಂಟು. ತನ್ನನ್ನು ಬಿಟ್ಟು ಉಳಿದವುಗಳ ಮೊತ್ತ 205579, ಅರ್ಧಕ್ಕೂ ಕಡಿಮೆ. ಮೊತ್ತ ಸಂಖ್ಯೆಗಿಂತ ಕಡಿಮೆ ಇದ್ದರೆ ಅದು ಕೊರತೆ ಸಂಖ್ಯೆ. ಒಂದೇ ಸಲ ಬರುವ 79 ನಾಲ್ಕರಿಂದ ಭಾಗಿಸಿದರೆ 3 ಉಳಿಸುವುದರಿಂದ ಇದು ಎರಡು ವರ್ಗಗಳ ಮೊತ್ತವೂ ಅಲ್ಲ.

ಈಗಿನ ಖರ್ಚು ಬ್ಯಾಚಿಗೆ ಒಂದು ರಿಮ್ ಹಾಳೆ, ಅಷ್ಟೇ. ಮಕ್ಕಳು ಬಾಗಲಕೋಟೆಯ 587101 ಹಿಡಿದು ಕೂತಿದ್ದಾರೆ. ನೂರರ ಒಳಗಿನ ಯಾವ ಅವಿಭಾಜ್ಯಕ್ಕೂ ಅದು ಜಗ್ಗಿಲ್ಲ.