ಖರ್ಚಿನ ಪಕ್ಕದಲ್ಲೊಂದು ‘ಏಕೆಂದರೆ’

ಈ ಸಲದ ಫ್ಯಾಷನ್ ಶೋ ಮುಗಿದು ಎಲ್ಲರ ಬಿಲ್ಲುಗಳೂ ಕೈಸೇರಿದ ಮೇಲೆ ಕೂಡಿಸಿ ನೋಡಿದರೆ, ಖರ್ಚು ಅಂದಾಜನ್ನು ಮೀರಿದ್ದು ಸುಮಾರು ಶೇ 4ರಷ್ಟು ಮಾತ್ರ; ನನ್ನ ಮೊದಲ ಶೋನಲ್ಲಿ ಅದು ಶೇ 40ರ ಹತ್ತಿರ ಹೋಗಿತ್ತು. ಬಜೆಟ್ಟಿನ ಪ್ರತಿ ಮೊತ್ತದ ಎದುರಿಗೂ, ಅದು ಯಾವ ಊಹೆಯ ಮೇಲೆ ನಿಂತಿದೆಯೆಂದು ಬರೆಯಲು ‘ಏಕೆಂದರೆ’ ಎಂಬ ಕಾಲಂ ಇಡುತ್ತೇನೆ ಎಂದಾಗ, ತಂಡದ ಹಿರಿಯರೊಬ್ಬರು ‘ಲೆಕ್ಕ ಬರೆಯುತ್ತೀರೋ ಪ್ರಬಂಧ ಬರೆಯುತ್ತೀರೋ’ ಎಂದು ನಕ್ಕಿದ್ದರು. ಈಗ ಆ ಹಾಳೆಯ ಪ್ರತಿಯನ್ನು ಅವರೇ ಕೇಳಿ ಪಡೆದಿದ್ದಾರೆ.

ಮೊದಲ ಶೋನಲ್ಲಿ 36 ಉಡುಪುಗಳಿಗೆ 12ರ ಬದಲು 9 ಮಾಡೆಲ್‌ಗಳು ಸಾಕೆಂದು ಬರೆದು, ಮೂವರ ಸಂಭಾವನೆ ಉಳಿಯಿತೆಂದು ಬೀಗಿದ್ದೆ. 25 ಸೆಕೆಂಡಿಗೊಬ್ಬರಂತೆ ರ‍್ಯಾಂಪಿಗೆ ಬಿಟ್ಟರೆ ಒಬ್ಬರ ಸರದಿ ಮತ್ತೆ ಬರುವುದು 225 ಸೆಕೆಂಡಿಗೆ; ಅದರಲ್ಲಿ ನಡಿಗೆಗೇ 45 ಸೆಕೆಂಡು ಹೋದರೆ, ಉಡುಪು ಬದಲಿಸಲು ಉಳಿಯುವುದು 3 ನಿಮಿಷ. ರಿಹರ್ಸಲ್‌ನಲ್ಲಿ ಗೌನೊಂದರ ಜಿಪ್ ಅರ್ಧಕ್ಕೇ ಸಿಕ್ಕಿಕೊಂಡಿತು. ಉಡುಪು ತೊಡಿಸುವ ಡ್ರೆಸ್ಸರ್ ಅದಕ್ಕೆ ಮೇಣದಬತ್ತಿ ಉಜ್ಜುತ್ತಾ ಕುಳಿತರೆ, ಅವರ ಪಾಲಿನ ಇನ್ನೊಬ್ಬ ಮಾಡೆಲ್ ಬೆನ್ನಿನ ಲಾಡಿ ಹಿಡಿದುಕೊಂಡು ಕಾಯುತ್ತಿದ್ದರು, ಹೊರಗೆ ಸಂಗೀತ ಖಾಲಿ ರ‍್ಯಾಂಪಿಗೆ ನುಡಿಯುತ್ತಿತ್ತು. ಕೊನೆಗಳಿಗೆಯಲ್ಲಿ ದುಪ್ಪಟ್ಟು ದರ ಕೊಟ್ಟು ಕರೆಸಿದ ಡ್ರೆಸ್ಸರ್‌ಗಳು, ಆ ಮೂವರ ಸಂಭಾವನೆಗಿಂತ ದುಬಾರಿಯಾದರು.

ಅದಕ್ಕಿಂತ ದೊಡ್ಡ ಪೆಟ್ಟು ಬಿದ್ದದ್ದು ಸಭಾಂಗಣದ ಲೆಕ್ಕದಲ್ಲಿ. ಕಾರ್ಯಕ್ರಮ 2 ಗಂಟೆಯದೆಂದು ಒಟ್ಟು 6 ಗಂಟೆಗಳ ಅವಧಿಗೆ ಬುಕ್ ಮಾಡಿದ್ದೆ. ಲೈಟ್ ಕಟ್ಟಲು 5, ರಿಹರ್ಸಲ್‌ಗೆ 2, ಎಲ್ಲ ಬಿಚ್ಚಿ ಸಾಗಿಸಲು 3 ಗಂಟೆ ಬೇಕಾಯಿತು. ಹೆಚ್ಚುವರಿ ಗಂಟೆಗಳ ಹಣವನ್ನು ಸಭಾಂಗಣದವರು, ಜನರೇಟರ್‌ನವರು, ಲೈಟಿನವರು ಬೇರೆಬೇರೆಯಾಗಿ ವಸೂಲು ಮಾಡಿದಾಗಲೇ, ತಪ್ಪಿದ ಊಹೆ ಒಂದಾದರೂ ಅದರ ಬಿಲ್ಲು ಮೂರೆಂಬುದು ಹೊಳೆದದ್ದು. ಅಂದಿನಿಂದ ಖರ್ಚುಗಳನ್ನು ಯಾರಿಗೆ ಕೊಡಬೇಕೆಂಬುದರ ಮೇಲಲ್ಲ, ಯಾವ ಊಹೆಯ ಮೇಲೆ ನಿಂತಿವೆಯೆಂಬುದರ ಮೇಲೆ ಗುಂಪು ಮಾಡುತ್ತೇನೆ. ಅನಿರೀಕ್ಷಿತ ಖರ್ಚಿಗೆ ಮೀಸಲೆಂದು ಒಟ್ಟು ಮೊತ್ತಕ್ಕೆ ಕಣ್ಣುಮುಚ್ಚಿ ಶೇ 10 ಸೇರಿಸುವ ರೂಢಿಯನ್ನೂ ಬಿಟ್ಟೆ: ಬರಹದಲ್ಲಿ ಕೊಟ್ಟ ದರಕ್ಕೆ ಮೀಸಲು ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ, ಫೋನಿನಲ್ಲಿ ಹೇಳಿದ್ದಕ್ಕೆ ಶೇ 10, ನಾನೇ ಊಹಿಸಿದ್ದಕ್ಕೆ ಶೇ 25. ದರಪಟ್ಟಿಗಳನ್ನು ಯಾವ ಕ್ರಮದಲ್ಲಿ ತರಿಸಿಕೊಳ್ಳುತ್ತೇನೆಂಬುದನ್ನು ಮಾತ್ರ ಇಲ್ಲಿ ಬರೆಯಲಾರೆ. ಉಳಿತಾಯದ ಅರ್ಧ ಅಲ್ಲಿಯೇ ಇದೆ.

ನಡುವೆ ಮೇಕಪ್‌ನಲ್ಲಿ ಒಂದು ಪ್ರಯೋಗವನ್ನೂ ಮಾಡಿದ್ದುಂಟು. ಮುಖಕ್ಕೆ 40 ನಿಮಿಷದಂತೆ 12 ಮುಖಗಳಿಗೆ 8 ಗಂಟೆಯ ಕೆಲಸ. ನಾಲ್ವರಿದ್ದರೆ 2 ಗಂಟೆಗೆ ಮುಗಿಯುತ್ತದೆ. ಮೂವರಿಂದಲೇ 2 ಗಂಟೆ 40 ನಿಮಿಷದಲ್ಲಿ ಮಾಡಿಸಿದೆ. ಕೊನೆಯ ಮುಖ ಮುಗಿಯುವ ಹೊತ್ತಿಗೆ ಮೊದಲ ಮುಖಗಳ ಪೌಡರ್ ಬೆವರಿಗೆ ಕದಡಿ, ಮತ್ತೆ ತಿದ್ದಬೇಕಾಯಿತು. ಉಳಿದದ್ದು ಏನೂ ಇಲ್ಲ.

ಈ ಸಲದ ಆ ಶೇ 4 ಬಂದದ್ದು ಗ್ರೀನ್ ರೂಮಿನಿಂದ. ಉಡುಪಿನ ಸುಕ್ಕು ಬಿಡಿಸುವ ಮೂರು ಸ್ಟೀಮರ್‌ಗಳನ್ನೂ ಹೇರ್ ಡ್ರೈಯರ್‌ಗಳನ್ನೂ ಒಂದೇ ಲೈನಿಗೆ ಹಾಕಿದ್ದರಿಂದ ಮತ್ತೆಮತ್ತೆ ಟ್ರಿಪ್ ಆಗಿ, ಜನರೇಟರ್‌ನಿಂದ ಪ್ರತ್ಯೇಕ ಕೇಬಲ್ ಎಳೆಸಬೇಕಾಯಿತು. ವಿದ್ಯುತ್ತಿನ ಆ ಸಾಲಿನ ಎದುರು ನಾನು ‘ಏಕೆಂದರೆ’ ಬರೆದಿರಲಿಲ್ಲ. ಮುಂದಿನ ಶೋನ ಹಾಳೆಯಲ್ಲಿ ಒಂದೊಂದು ಸ್ಟೀಮರ್‌ನ ವಾಟ್ ಲೆಕ್ಕವೂ ಇದೆ.